ಬಾಲಚುಕ್ಕಿಯ ರಸಾಯನ

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಔಷಧ ಕಾರ್ಖಾನೆಗಳಿವೆ. ಇಂಥ ಕಡೆ ಬಂದಿಳಿದ ಬಿಳಿ ಪುಡಿ ಚೀಟಿಯಲ್ಲಿ ಬರೆದ ವಸ್ತುವೇ ಹೌದೇ ಎಂದು ಪರೀಕ್ಷಿಸಲು ಅದಕ್ಕೆ ಇನ್‌ಫ್ರಾರೆಡ್ ಅಥವಾ ಅವಕೆಂಪು ಕಿರಣ ಹಾಯಿಸುವುದು ವಾಡಿಕೆ. ಅಣುವಿನೊಳಗಿನ ಪರಮಾಣುಗಳು ಸ್ಪ್ರಿಂಗಿಗೆ ಕಟ್ಟಿದ ಗುಂಡುಗಳಂತೆ ಕಂಪಿಸುತ್ತಿರುತ್ತವೆ. ತನ್ನ ಕಂಪನಕ್ಕೆ ಹೊಂದುವ ಅಲೆಯನ್ನು ಮಾತ್ರ ಅಣು ಹೀರುತ್ತದೆ. ಯಾವ ಅಲೆಗಳು ಕಾಣೆಯಾದವು ಎಂಬುದೇ ವಸ್ತುವಿನ ಗುರುತು. ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರಾದ ಸಿ. ಎನ್. ಆರ್. ರಾವ್ 1963ರಲ್ಲೇ ಈ ವಿದ್ಯೆಯ ಬಗ್ಗೆ ಇಂಗ್ಲಿಷಿನಲ್ಲಿ ಗ್ರಂಥ ಬರೆದಿದ್ದರು.

ಕೋಟ್ಯಂತರ ಕಿಲೋಮೀಟರ್ ದೂರದ ಧೂಮಕೇತುವಿಗೂ ಇದೇ ಪರೀಕ್ಷೆ. ಅಲ್ಲಿ ದೀಪ ಹಿಡಿಯುವವನು ಸೂರ್ಯ. ಬಿಸಿಲು ತಾಗಿದ ಹಿಮ ಆವಿಯಾಗುತ್ತದೆ. ಆವಿಯ ಅಣುಗಳು ಬಿಸಿಲನ್ನು ಹೀರಿ ತಮ್ಮದೇ ಅಲೆಗಳಲ್ಲಿ ಹೊರಸೂಸುತ್ತವೆ.

1997ರಲ್ಲಿ ಹೇಲ್-ಬಾಪ್ ಧೂಮಕೇತು ಚಿಕ್ಕಯ್ಯನಛತ್ರದಂಥ ಊರಿನ ಬಯಲಲ್ಲಿ ನಿಂತವರ ಬರಿಗಣ್ಣಿಗೂ ಕಾಣುವಷ್ಟು ಪ್ರಖರವಾಗಿತ್ತು. ಆದರೆ ಕಣ್ಣಿಗೆ ಕಾಣುವ ಬೆಳಕು ಹೇಳುವುದು ಅರ್ಧ ಕಥೆ. ಬಿಸಿಲಿನ ಹೊಡೆತಕ್ಕೆ ದೊಡ್ಡ ಅಣುಗಳು ಒಡೆದು ಚೂರಾಗುತ್ತವೆ. ಕಾಣುವ ಬೆಳಕಿನ ರೋಹಿತದಲ್ಲಿ ಸಿಗುವುದು ಹೆಚ್ಚಾಗಿ ಈ ಚೂರುಗಳು. ಲಡಾಖ್‌ನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿದ್ದು, ಬೆಂಗಳೂರಿನ ಬಳಿಯ ಹೊಸಕೋಟೆಯಿಂದ ಉಪಗ್ರಹದ ಮೂಲಕ ನಡೆಸುವ ಚಂದ್ರ ದೂರದರ್ಶಕ 2019ರ ಕೊನೆಯಲ್ಲಿ ಅನ್ಯ ನಕ್ಷತ್ರಲೋಕದಿಂದ ಬಂದ ಬೋರಿಸೋವ್ ಧೂಮಕೇತುವನ್ನು ನೋಡಿದಾಗ ಕಂಡದ್ದೂ ಇಂಥವೇ: ಜೋಡಿ ಇಂಗಾಲ, ಸಯನೋಜನ್ ಮುಂತಾದವು. ಮಕ್ಕಳನ್ನು ನೋಡಿ ತಾಯಿಯನ್ನು ಊಹಿಸುವ ಕೆಲಸ ಅದು. ತಾಯಿಯ ಮುಖವನ್ನೇ ನೋಡಲು ಅವಕೆಂಪು ನೆರವಾಗುತ್ತದೆ.

ತೊಡಕೆಂದರೆ ನಮ್ಮ ನೆತ್ತಿಯ ಮೇಲಿನ ಗಾಳಿ. ಅದರ ನೀರಾವಿ ಅವಕೆಂಪನ್ನು ನುಂಗಿಬಿಡುತ್ತದೆ. ಹ್ಯಾಲಿ ಧೂಮಕೇತು ಬಂದಾಗ ಅಮೆರಿಕದವರು ದೂರದರ್ಶಕವನ್ನು ವಿಮಾನದಲ್ಲಿ ಹೊತ್ತು ಮೇಲೇರಿ, 1985ರ ಡಿಸೆಂಬರ್‌ನಲ್ಲಿ ಅದರ ನೀರನ್ನು ನೇರವಾಗಿ ಗುರುತಿಸಿದರು. 1986ರ ಮಾರ್ಚ್‌ನಲ್ಲಿ ಸೋವಿಯತ್ ನೌಕೆ ವೇಗಾ-1 ಹತ್ತಿರವೇ ಹಾಯ್ದು, 3.4 ಮೈಕ್ರಾನ್ ಆಸುಪಾಸಿನಲ್ಲಿ ಒಂದು ಅಗಲವಾದ ಪಟ್ಟಿ ಕಂಡಿತು. ಇಂಗಾಲ ಮತ್ತು ಜಲಜನಕ ಬೆಸೆದಿರುವ ಕಡೆ ಬರುವ ಪಟ್ಟಿ ಅದು. ಸಾವಯವ ವಸ್ತು ಇದೆ ಎಂಬುದು ಖಚಿತವಾಯಿತು.

ಯಾವ ವಸ್ತು? ಫ್ರೆಡ್ ಹಾಯ್ಲ್ ಮತ್ತು ಶ್ರೀಲಂಕಾ ಮೂಲದ ಚಂದ್ರ ವಿಕ್ರಮಸಿಂಘೆ ಒಣಗಿದ ಬ್ಯಾಕ್ಟೀರಿಯಾಕ್ಕೆ ಇದು ಹೊಂದುತ್ತದೆ ಎಂದುಬಿಟ್ಟರು. ಪತ್ರಿಕೆಗಳಿಗೆ ಹಬ್ಬ! ಆದರೆ ಆ ಬೆಸುಗೆ ಸೀಮೆಎಣ್ಣೆಯಲ್ಲೂ ಇದೆ, ಕೊಬ್ಬರಿ ಎಣ್ಣೆಯಲ್ಲೂ ಇದೆ. ಅಗಲ ಪಟ್ಟಿಯಿಂದ ಕುಲ ತಿಳಿದೀತು, ಹೆಸರು ತಿಳಿಯದು. ಪಟ್ಟಿಯ ಒಂದು ಭಾಗ ಮೆಥನಾಲ್‌ನದೆಂದು ಆಮೇಲೆ ಗೊತ್ತಾಯಿತು.

ಹೆಸರು ಹಿಡಿಯಲು ಪಟ್ಟಿಯನ್ನು ಎಳೆಎಳೆಯಾಗಿ ಬಿಡಿಸಬೇಕು. 1996ರ ಮಾರ್ಚ್‌ನಲ್ಲಿ ಹ್ಯಾಕುತಾಕೆ ಧೂಮಕೇತು ಭೂಮಿಗೆ ಸುಮಾರು ಒಂದೂವರೆ ಕೋಟಿ ಕಿಲೋಮೀಟರ್ ಸಮೀಪಕ್ಕೆ ಬಂದಾಗ ಮೈಕೇಲ್ ಮಮ್ಮಾ ಮತ್ತು ಸಂಗಡಿಗರು ಹವಾಯಿಯ ಮೌನಾ ಕೀ ಪರ್ವತದಿಂದ ಅದನ್ನು ಸಾಧಿಸಿದರು. ಮೀಥೇನ್ ನಮ್ಮ ಗಾಳಿಯಲ್ಲೂ ಇದೆಯಲ್ಲ, ಯಾವುದು ಯಾರದು? ಉಪಾಯ ಹಳೆಯದು. ರೈಲಿನ ಸಿಳ್ಳೆ ಹತ್ತಿರ ಬರುವಾಗ ಏರಿ, ದೂರವಾಗುವಾಗ ಇಳಿದು ಕೇಳುವಂತೆ, ಧೂಮಕೇತುವಿನ ಓಟದಿಂದ ಅದರ ಗೆರೆಗಳು ತುಸು ಪಕ್ಕಕ್ಕೆ ಸರಿಯುತ್ತವೆ. ಭೂಮಿಯ ಮೀಥೇನ್‌ನ ನೆರಳಿನಿಂದ ಅಷ್ಟರಲ್ಲೇ ಹೊರಬೀಳುತ್ತವೆ. ಜೊತೆಗೆ ಈಥೇನ್ ಕೂಡ ಸಿಕ್ಕಿತು, ಅದೂ ಮೀಥೇನ್‌ಗೆ ಸರಿಗಟ್ಟುವಂತೆ. ಸೂರ್ಯನನ್ನು ಹೆತ್ತ ಬಿಸಿ ಅನಿಲದಲ್ಲಿ ಇಷ್ಟು ಈಥೇನ್ ಹುಟ್ಟದು. ಕೊರೆಯುವ ಚಳಿಯಲ್ಲಿ, ಹಿಮ ಮೆತ್ತಿದ ದೂಳಿನ ಕಣಗಳ ಮೇಲೆ ಅಸಿಟಿಲೀನ್‌ಗೆ ಜಲಜನಕ ಕೂಡಿಕೊಂಡು ಆಗಿರಬೇಕು. ಅಂದರೆ ಧೂಮಕೇತುವಿನ ಉಗ್ರಾಣದಲ್ಲಿ ಸೂರ್ಯನಿಗಿಂತ ಹಳೆಯ ಸರಕೂ ಇರಬಹುದು.

ಜೀವಕ್ಕೆ ಬೇಕಾದ ಅಮೈನೋ ಆಮ್ಲ ಮಾತ್ರ ಈ ಜಾಲಕ್ಕೆ ಬೀಳಲಿಲ್ಲ. ಗ್ಲೈಸಿನ್ ದೊರೆತದ್ದು ಸ್ಟಾರ್‌ಡಸ್ಟ್ ನೌಕೆ 2006ರಲ್ಲಿ ಭೂಮಿಗೆ ತಂದ ವೈಲ್ಡ್-2 ಧೂಮಕೇತುವಿನ ದೂಳಿನ ಮಾದರಿಯಲ್ಲಿ. ಆಮೇಲೆ ರೊಸೆಟ್ಟಾ ನೌಕೆ ಚುರ್ಯುಮೋವ್-ಗೆರಾಸಿಮೆಂಕೋ ಧೂಮಕೇತುವಿನ ಬಳಿಯೇ ಸುತ್ತುತ್ತ ಅದರ ಅನಿಲವನ್ನು ತೂಗಿ ನೋಡಿದಾಗ.