ಅಕಾಡೆಮಿಗೆ ಸೇರಿಸೋ ಮುಂಚೆ ಒಂದು ದಿನ ರಣಜಿ ತೋರಿಸಿ

ಮೊದಲೇ ಹೇಳಿಬಿಡ್ತೀನಿ, ನನಗೆ ಚಿಕ್ಕಂದಿನಿಂದ ಕ್ರಿಕೆಟ್ ಹುಚ್ಚು. ಹಾಗಾಗಿ ಈ ಬರಹದಲ್ಲಿ ನಿಷ್ಪಕ್ಷಪಾತವಾದ ಮಾತು ಸಿಗುತ್ತೆ ಅಂತ ಯಾರೂ ಕಾಯಬೇಡಿ.

1995ರ ಮಳೆಗಾಲ. ನಮ್ಮೂರು ಹತ್ತಿಮತ್ತೂರು, ಸವಣೂರು ತಾಲ್ಲೂಕು. ಸಂಯುಕ್ತ ಕರ್ನಾಟಕ ಬಸ್ಸಿನಲ್ಲಿ ಬಂದು ಕಟಿಂಗ್ ಅಂಗಡಿ ಮುಟ್ಟುವ ಹೊತ್ತಿಗೆ ಹತ್ತು ಗಂಟೆಯಾಗಿರುತ್ತಿತ್ತು. ಮೊದಲ ಪುಟ ಹಿರಿಯರಿಗೆ, ಆಟದ ಪುಟ ನಮಗೆ. ಆ ವರ್ಷ ಅನಿಲ್ ಕುಂಬ್ಳೆ ಇಂಗ್ಲೆಂಡಿನಲ್ಲಿ ನಾರ್ಥಾಂಪ್ಟನ್‌ಶೈರ್ ಅನ್ನೋ ತಂಡಕ್ಕೆ ಆಡುತ್ತಿದ್ದರು. ಆ ಹೆಸರು ಓದೋದರಲ್ಲೇ ನಮಗೆ ಅರ್ಧ ದಿನ ಹೋಗುತ್ತಿತ್ತು! ಶ್ರೀನಾಥ್ ಗ್ಲಾಸ್ಟರ್‌ಶೈರ್‌ನಲ್ಲಿ. ಆ ಸೀಸನ್ನಿನಲ್ಲಿ ಕುಂಬ್ಳೆ 105 ವಿಕೆಟ್ ತಗೊಂಡರು, ಶ್ರೀನಾಥ್ 87. ಒಂದು ದಿನ ಶಾಲೆಯಲ್ಲಿ ನಾನು ಎದ್ದು ನಿಂತು ಕೇಳಿದೆ, "ಸರ, ಕೌಂಟಿ ಅಂದ್ರ ಏನ್ರಿ?"

"ಕೌಂಟಿ ಅಂದ್ರ ಜಿಲ್ಲಾ ಲೇ. ನಮ್ಮ ಧಾರವಾಡ ಜಿಲ್ಲಾ ಇದ್ದಂಗ." (ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ, ಆಗಿನ್ನೂ ನಾವೆಲ್ಲ ಧಾರವಾಡದವರೇ.)

ಪಕ್ಕದಲ್ಲಿ ಕೂತಿದ್ದ ಗೆಳೆಯ ಮೆಲ್ಲಗೆ ಅಂದ, "ಹಂಗಾರ ನಮ್ಮ ಜಿಲ್ಲಾಕ್ಕ ಯಾರ್ ಆಡ್ತಾರ?"

ಅವನನ್ನು ಇಲ್ಲಿ ಎಡಚ ಅಂತಲೇ ಕರೀತೀನಿ, ಊರಲ್ಲಿ ಈಗಲೂ ಹಾಗೇ ಕರೆಯೋದು. ಎಡಗೈ ಸ್ಪಿನ್ ಹಾಕುತ್ತಿದ್ದ. ಅವನ ಪ್ರಶ್ನೆಗೆ ಅದೇ ಸೀಸನ್ನಿನಲ್ಲಿ ಉತ್ತರ ಸಿಕ್ಕಿತು. ಗದಗಿನ ಸುನೀಲ್ ಜೋಶಿ, ಅವರೂ ಎಡಗೈ ಸ್ಪಿನ್ನರ್, 1995-96ರ ರಣಜಿಯಲ್ಲಿ 500ಕ್ಕಿಂತ ಹೆಚ್ಚು ರನ್ನು, 50ಕ್ಕಿಂತ ಹೆಚ್ಚು ವಿಕೆಟ್ಟು ಎರಡನ್ನೂ ಮಾಡಿ ತೋರಿಸಿದರು. ಕರ್ನಾಟಕ ಕಪ್ ಗೆದ್ದಿತು. ಗದಗ ಕೂಡ ಆಗ ಧಾರವಾಡ ಜಿಲ್ಲೆಯೇ ನೋಡಿ. ಜೋಶಿ ಹುಡುಗನಾಗಿದ್ದಾಗ ಪ್ರಾಕ್ಟೀಸಿಗೆ ಗದಗಿನಿಂದ ಹುಬ್ಬಳ್ಳಿಗೆ ದಿನಾ ಹೋಗಿ ಬರುತ್ತಿದ್ದರು ಅನ್ನೋದು ನಮಗೆಲ್ಲ ಬಾಯಿಪಾಠ. ಸುಮಾರು ಅರವತ್ತು ಕಿಲೋಮೀಟರು, ಹೋಗೋದಕ್ಕೆ ಮಾತ್ರ. ಮುಂದೆ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಮೇಲೆ 10 ಓವರಿಗೆ 6 ರನ್ ಕೊಟ್ಟು 5 ವಿಕೆಟ್ ತೆಗೆದಾಗ ಎಡಚ ಊರಿಗೆಲ್ಲ ಪೇಢೆ ಹಂಚಿದ್ದ. ಆದರೆ ಅವನ ಸ್ವಂತ ಆಟ ಅಷ್ಟರಲ್ಲಿ ಮುಗಿದಿತ್ತು. ಹುಬ್ಬಳ್ಳಿಯಲ್ಲಿ ಹುಡುಗರನ್ನು ಆರಿಸ್ತಾರೆ ಅಂತ ಯಾರೋ ಹೇಳಿದ್ದರು, ಅದು ಬಿತ್ತನೆ ಟೈಮು, ಅವರಪ್ಪ "ಮುಂದಿನ ವರ್ಷ ಹೋಗುವಿಯಂತ" ಅಂದರು. ಆ ಮುಂದಿನ ವರ್ಷ ಬರಲೇ ಇಲ್ಲ.

ಇಷ್ಟು ಪೀಠಿಕೆ ಯಾಕೆ ಅಂದರೆ, 2024ರ ಜನವರಿಯಲ್ಲಿ ಎಳ್ಳಮಾಸಿಗೆ ಅಂತ ನಾನು ಬೆಂಗಳೂರಿನಿಂದ ಊರಿಗೆ ಹೋದಾಗ ಎಡಚ ಒಂದು ಪಂಚಾಯ್ತಿ ಇಟ್ಟ. ಅವನ ಮಗನಿಗೆ ಹದಿನಾಲ್ಕು. ಅವನೂ ಎಡಗೈ, ಅವನೂ ಸ್ಪಿನ್. ದೊಡ್ಡ ಊರಿನ ಒಂದು ಅಕಾಡೆಮಿಯವರು "ಹುಡುಗ ಭಾರಿ ಅದಾನ, ಹಾಸ್ಟೆಲ್ ಸಮೇತ ಸೇರಿಸ್ರಿ" ಅಂದಿದ್ದಾರೆ. ಫೀಸು ಕೇಳಿದರೆ ಎರಡು ಎಕರೆ ಗೋವಿನಜೋಳ ಮಾರಿದರೂ ಸಾಲದು. ಅದೂ ಎಂಥಾ ವರ್ಷ! 2023ರಲ್ಲಿ ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಸಾರಿತ್ತು. ಸಾಲ ಮಾಡಿ ಸೇರಿಸೋದಾ, ಬಿಡೋದಾ? ನನ್ನನ್ನ ಕೇಳಿದ. ಬೆಂಗಳೂರಿನಲ್ಲಿ ಇರೋನಿಗೆ ಎಲ್ಲ ಗೊತ್ತಿರುತ್ತೆ ಅಂತ ಅವನ ನಂಬಿಕೆ.

ನನಗೇನು ಗೊತ್ತು ಮಣ್ಣು. ಇಷ್ಟು ವರ್ಷ ಬೆಂಗಳೂರಿನಲ್ಲಿದ್ದೂ ಚಿನ್ನಸ್ವಾಮಿಗೆ ದುಡ್ಡು ಕೊಟ್ಟು ಐಪಿಎಲ್ ನೋಡೋಕೆ ಹೋಗಿದ್ದೀನಿ, ಪುಕ್ಕಟೆ ರಣಜಿಗೆ ಒಂದು ಸಲವೂ ಹೋಗಿರಲಿಲ್ಲ. ಹುಟ್ಟಾ ಅಭಿಮಾನಿಯ ಯೋಗ್ಯತೆ ಇಷ್ಟು.

ಅದೇ ವಾರ ಹುಬ್ಬಳ್ಳಿಯ ರಾಜನಗರದ ಮೈದಾನದಲ್ಲಿ ಕರ್ನಾಟಕ-ಪಂಜಾಬ್ ಪಂದ್ಯ ಇತ್ತು, ಜನವರಿ 5ರಿಂದ 8. ಮೊದಲ ದಿನ ವಾಸುಕಿ ಕೌಶಿಕ್ 41 ರನ್ನಿಗೆ 7 ವಿಕೆಟ್ ಕಿತ್ತು ಪಂಜಾಬನ್ನು 152ಕ್ಕೆ ಮುಗಿಸಿದ್ದರು. ನಾನು ಹೇಳಿದೆ, "ನಾಳೆ ಶನಿವಾರ. ನಿರ್ಧಾರ ಆಮ್ಯಾಲೆ ಮಾಡೋಣು. ಮೊದಲ ಹುಡುಗನ್ನ ಕರ್ಕೊಂಡು ಮ್ಯಾಚ್ ನೋಡಿ ಬರೂಣು ನಡಿ."

ಹೊರಟಿದ್ದು ಐದು ಜನ. ಎಡಚ, ಅವನ ಮಗ, ನಾನು, ಸಿ.ಎಲ್. ಹಾಕಿ ಬಂದ ಮಾಸ್ತರ ಗೆಳೆಯ, ಮತ್ತು ಕಾರಿನ ಮಾಲೀಕ, ಅಂದರೆ ವೀಳ್ಯದೆಲೆ ವ್ಯಾಪಾರದ ಗೆಳೆಯ. ಸವಣೂರಿನಲ್ಲಿ ಖಾರಾ ಕಟ್ಟಿಸಿಕೊಂಡು, ಬಂಕಾಪುರದ ಹತ್ತಿರ ಹೈವೇ ಹತ್ತಿ, ಶಿಗ್ಗಾವಿ, ತಡಸ ದಾಟಿ ಹುಬ್ಬಳ್ಳಿ. ಬುತ್ತಿಯಲ್ಲಿ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಇಂಗ್ಲೆಂಡಿನ ಕೌಂಟಿ ಮ್ಯಾಚಿಗೆ ಮುದುಕರು ಥರ್ಮಾಸು, ಸ್ಯಾಂಡ್‌ವಿಚ್ಚು ಹಿಡ್ಕೊಂಡು ಬರ್ತಾರಂತೆ. ನಮ್ಮದೇನು ಕಮ್ಮಿ?

ಒಪ್ಪಿಕೊಳ್ಳಬೇಕಾದ್ದನ್ನ ಮೊದಲು ಒಪ್ಪಿಕೊಳ್ತೀನಿ. ಟೀವಿಯಲ್ಲಿ ಕಾಣೋದರಲ್ಲಿ ಕಾಲು ಭಾಗವೂ ಮೈದಾನದಲ್ಲಿ ಕಾಣಲ್ಲ. ಚೆಂಡು ತಿರುಗಿತಾ ಇಲ್ಲವಾ ಗೊತ್ತಾಗಲ್ಲ. ರಿಪ್ಲೇ ಇಲ್ಲ. ಒಂದು ವಿಕೆಟ್ ಬಿದ್ದಾಗ ನಾನು ಬಗ್ಗಿ ಚಟ್ನಿ ಡಬ್ಬಿ ತೆಗೀತಿದ್ದೆ. ಏನಾಯ್ತು ಅಂತ ಕೇಳಿದರೆ ನಾಲ್ಕು ಜನ ನಾಲ್ಕು ಥರ ಹೇಳಿದರು :-)

ಆದರೆ ಟೀವಿ ತೋರಿಸದೇ ಇರೋದು ಒಂದಿದೆ. ಎರಡು ಚೆಂಡಿನ ನಡುವೆ ಏನಾಗುತ್ತೆ ಅನ್ನೋದು. ಅಲ್ಲಿ ಅದನ್ನ ಜಾಹೀರಾತು ನುಂಗಿಬಿಡುತ್ತೆ. ಇಲ್ಲಿ ನಮ್ಮ ಮುಂದೆಯೇ ಪಂಜಾಬಿನ ಒಬ್ಬ ವೇಗದ ಬೌಲರು ಓವರು ಮುಗಿಸಿ ಬೌಂಡರಿಗೆ ಬಂದು ನಿಲ್ಲುತ್ತಿದ್ದರು. ಎರಡೂ ಕೈ ಮೊಣಕಾಲಿಗೆ ಊರಿ ಬಗ್ಗಿ ಉಸಿರು ತಗೊಳ್ಳೋರು. ಅಷ್ಟರಲ್ಲಿ ಚೆಂಡು ಈ ಕಡೆ, ಓಡು. ವಾಪಸ್ ಎಸಿ. ಮತ್ತೆ ಓವರು ಹಾಕು. ಆ ದಿನ ಪೂರ್ತಿ ಬ್ಯಾಟ್ ಮಾಡಿದ್ದು ಕರ್ನಾಟಕವೇ. ಹಿಂದಿನ ಸಂಜೆಯಿಂದ ಔಟಾಗದೆ ಉಳಿದಿದ್ದ ದೇವದತ್ತ ಪಡಿಕ್ಕಲ್ 193 ಹೊಡೆದರು, ಮನೀಶ್ ಪಾಂಡೆ 118. ಪಾಂಡೆ ಹಿಂದಿನ ಆಗಸ್ಟಿನಲ್ಲಷ್ಟೇ ಹುಬ್ಬಳ್ಳಿ ಟೈಗರ್ಸ್ ನಾಯಕನಾಗಿ ಮಹಾರಾಜ ಟ್ರೋಫಿ ಗೆದ್ದಿದ್ದವರು. ಆ ಟೂರ್ನಿ ಪೂರ್ತಿ ನಡೆದದ್ದು ಬೆಂಗಳೂರಿನಲ್ಲಿ, ಹಾಗಾಗಿ ಹುಬ್ಬಳ್ಳಿ ಮಂದಿಗೆ ತಮ್ಮ ಹುಲಿ ಕಣ್ಣಿಗೆ ಬಿದ್ದಿದ್ದು ಈಗ. ಪ್ರತಿ ಬೌಂಡರಿಗೂ ಕೂಗೇ ಕೂಗು.

ನಮ್ಮ ಹುಡುಗ ಮಾತ್ರ ಕೂಗಲಿಲ್ಲ. ಬ್ಯಾಟ್ ಮಾಡೋರನ್ನ ನೋಡಲೇ ಇಲ್ಲ ಅನ್ನಬಹುದು. ಊಟದ ಹೊತ್ತಿಗೆ ನನ್ನ ಕೇಳಿದ, "ಕಾಕಾ, ಅವರಿಗೆ ಇವತ್ತ ವಿಕೆಟ್ಟ ಬೀಳದಿದ್ರ ನಾಳೆನೂ ಹಿಂಗ ಓಡ್ಬೇಕೇನು?"

"ಹೂಂ. ನಾಳೆನೂ."

"ರೀಲ್ಸ್‌ನಾಗ ಬರೇ ವಿಕೆಟ್ ಬಿದ್ದಿದ್ದ ತೋರಸ್ತಾರಲ್ಲ."

ಅವನಪ್ಪ ನನ್ನ ಮುಖ ನೋಡಿದ. ನಾನು ರೊಟ್ಟಿ ಕಡೆ ನೋಡಿದೆ.

ಆಮೇಲೆ ಮಾಸ್ತರ ಲೆಕ್ಕ ಶುರು ಮಾಡಿದ. ಇವನಿಗೆ ಅಂಕಿ ಸಿಕ್ಕರೆ ಬೇರೆ ಏನೂ ಬೇಡ. 2021ರಲ್ಲಿ ಬಿಸಿಸಿಐ ನಿಗದಿ ಮಾಡಿದ ಸಂಭಾವನೆ ಪ್ರಕಾರ 20 ಪಂದ್ಯಗಳ ತನಕ ಆಡಿದವನಿಗೆ ದಿನಕ್ಕೆ 40 ಸಾವಿರ, 40 ಪಂದ್ಯ ದಾಟಿದವನಿಗೆ 60 ಸಾವಿರ. ದಿನಕ್ಕೆ! ಎಲೆ ವ್ಯಾಪಾರಿ ಬಾಯಿ ತೆರೆದವನು ಮುಚ್ಚಲಿಲ್ಲ. ಲೀಗ್ ಹಂತದಲ್ಲಿ ಏಳು ಪಂದ್ಯ, 28 ದಿನ. ಹೊಸಬನೇ ಆದರೂ ಹನ್ನೊಂದು ಲಕ್ಷದ ಮೇಲೆ. ಎಡಚನ ಕಣ್ಣು ಅಷ್ಟು ಅಗಲ ಆಗಿದ್ದನ್ನ ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ. "ಅಂದ್ರ ಸಾಲಾ ತೀರತೈತಿ" ಅಂದ.

"ತೀರತೈತಿ," ಅಂದ ಮಾಸ್ತರ, "ಆ ಹನ್ನೊಂದು ಮಂದ್ಯಾಗ ಇದ್ರ. ಹನ್ನೆರಡನೇದಾಂವಗ ಅರ್ಧಾ. ತಂಡದಾಗ ಇರದವಗ ಬಸ್‌ಚಾರ್ಜೂ ಇಲ್ಲ."

ನಾನು ಈಗ ಬರೀತಾ ಇರೋದು ಈ ಮಾತಿನ ಸಲುವಾಗಿ. 1995ರಲ್ಲಿ ಕೌಂಟಿ ಅಂದರೆ ಜಿಲ್ಲೆ ಅಂತ ಕೇಳಿದಾಗ ಹೊಳೆಯದ್ದು ಅವತ್ತು ಹೊಳೆಯಿತು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಜನಸಂಖ್ಯೆ ಸುಮಾರು 5.96 ಕೋಟಿ. ಕರ್ನಾಟಕದ್ದು 2011ರಲ್ಲೇ 6.11 ಕೋಟಿ. ಅವರಲ್ಲಿ ಪ್ರಥಮ ದರ್ಜೆ ಕೌಂಟಿ ತಂಡ 18. ನಮಗೆ ರಣಜಿ ತಂಡ ಒಂದು. ಅಂದರೆ ಅಲ್ಲಿ 198 ಹುಡುಗರಿಗೆ ಜಾಗ ಇರೋ ಕಡೆ ನಮ್ಮಲ್ಲಿ ಹನ್ನೊಂದು ಜನಕ್ಕೆ. 31 ಜಿಲ್ಲೆಗಳಿಂದ, ಜಿಲ್ಲೆಗೊಬ್ಬ ಅಂದರೂ ಇಪ್ಪತ್ತು ಜಿಲ್ಲೆ ಹೊರಗೆ. ಆಟ ಬಲ್ಲವರು "ಅದಕ್ಕೇ ನಮ್ಮ ರಣಜಿ ಗಟ್ಟಿ" ಅಂತಾರೆ, ಇರಬಹುದು. ಆದರೆ ಸಾಲ ಮಾಡಿ ಮಗನನ್ನ ಹಾಸ್ಟೆಲ್ಲಿಗೆ ಸೇರಿಸೋ ಅಪ್ಪನಿಗೆ ಈ ಲೆಕ್ಕವನ್ನ ಯಾರು ಹೇಳಬೇಕು? ಫೀಸು ತಗೊಳ್ಳೋರು ಹೇಳಲ್ಲ. ಐಪಿಎಲ್ ಹರಾಜಿನ ಕೋಟಿ ಕೋಟಿ ಸುದ್ದಿ ಓದಿದವನಿಗೆ ತಾನಾಗಿ ಹೊಳೆಯೋದೂ ಇಲ್ಲ.

ಹನ್ನೊಂದರೊಳಗೆ ಒಮ್ಮೆ ಹೋದರೆ ಮುಗೀತು ಅಂತಲೂ ಅಲ್ಲ. ಕರುಣ್ ನಾಯರ್ ನೋಡಿ. 2016ರ ಡಿಸೆಂಬರಿನಲ್ಲಿ ಇಂಗ್ಲೆಂಡ್ ಮೇಲೆ ಔಟಾಗದೆ 303. ಆರು ವರ್ಷ ಆದಮೇಲೆ ಕರ್ನಾಟಕ ತಂಡದಲ್ಲೇ ಜಾಗ ಇಲ್ಲ. ಆತ 2023ರಲ್ಲಿ ಆಡಲು ಹೋಗಿದ್ದು ಎಲ್ಲಿಗೆ ಗೊತ್ತಾ? ನಮ್ಮ ಕುಂಬ್ಳೆಯ ಅದೇ ನಾರ್ಥಾಂಪ್ಟನ್‌ಶೈರ್‌ಗೆ. ರಣಜಿಗೆ ವಿದರ್ಭಕ್ಕೆ. ಅದೇ ಸೀಸನ್ನಿನ ಕ್ವಾರ್ಟರ್ ಫೈನಲ್‌ನಲ್ಲಿ, 2024ರ ಫೆಬ್ರವರಿ, ನಾಗ್ಪುರದಲ್ಲಿ ವಿದರ್ಭದ ಪರವಾಗಿ ನಮ್ಮ ಮೇಲೇ 90 ಹೊಡೆದರು. ನಾವು ಸೋತೆವು. ಬೇಜಾರಾಯಿತಾ ಅಂದರೆ ಆಯಿತು, ಒಳಗೊಳಗೆ ಖುಷಿಯೂ ಆಯಿತು.

ಹಾಗಂತ ಹುಡುಗರನ್ನ ಹೆದರಿಸಿ ಮನೆಯಲ್ಲಿ ಕೂರಿಸಿ ಅಂತ ನಾನು ಹೇಳ್ತಾ ಇಲ್ಲ. ಎಡಚನ ಅಪ್ಪ ಮಾಡಿದ್ದು ಅದನ್ನೇ ತಾನೇ. ನಾನು ಹೇಳೋದು ಇಷ್ಟೇ: ಫೀಸು ಕಟ್ಟೋ ಮುಂಚೆ ಅಪ್ಪ ಮಗ ಇಬ್ಬರೂ ಒಂದು ಇಡೀ ದಿನ ಬಿಸಿಲಲ್ಲಿ ಕೂತು ರಣಜಿ ನೋಡಲಿ. ಈ ಕೆಲಸ ಹೇಗಿರುತ್ತೆ ಅನ್ನೋದು ಕಣ್ಣಿಗೆ ಬೀಳಲಿ. ನಮ್ಮ ಹುಬ್ಬಳ್ಳಿಯಲ್ಲಿ 2012ರಿಂದ ಈ ಮೈದಾನ ಇದೆ. ಮೈಸೂರು, ಶಿವಮೊಗ್ಗ, ಬೆಳಗಾವಿಯಲ್ಲೂ ರಣಜಿ ಆಗಿವೆ. ರಣಜಿಗೆ ಜನ ಬರಲ್ಲ ಅನ್ನೋರಿಗೆ 2010ರ ಜನವರಿಯ ಮೈಸೂರಿನ ಫೈನಲ್ ನೆನಪಿಸಬೇಕು. ಗಂಗೋತ್ರಿ ಮೈದಾನದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮುಂಬೈ ಮೇಲೆ 338 ಬೆನ್ನಟ್ಟಿ ಆರೇ ಆರು ರನ್ನಿನಿಂದ ಸೋತೆವು, ಇದೇ ಮನೀಶ್ ಪಾಂಡೆ 144 ಹೊಡೆದಿದ್ದರು. ಆ ಆರು ರನ್ನು ನನಗೆ ಇನ್ನೂ ಜೀರ್ಣ ಆಗಿಲ್ಲ, ಅದು ಬೇರೆ ವಿಷಯ ಬಿಡಿ.

ಸಂಜೆ ಆಟ ಮುಗಿದಾಗ ಹುಡುಗ ಬೇಲಿ ಹತ್ತಿರ ಹೋಗಿ ನಿಂತಿದ್ದ. ಆಟೋಗ್ರಾಫಿಗೆ ಇರಬೇಕು ಅಂದುಕೊಂಡೆ. ಅಲ್ಲ, ಆ ವೇಗದ ಬೌಲರು ಬೂಟು ಬಿಚ್ಚೋದನ್ನ ನೋಡ್ತಾ ಇದ್ದ. ವಾಪಸ್ ಬರುವಾಗ ಕಾರಿನಲ್ಲಿ ಎಲ್ಲರೂ ಪಡಿಕ್ಕಲ್ ಏಳು ರನ್ನಿಗೆ ಇನ್ನೂರು ತಪ್ಪಿಸಿಕೊಂಡಿದ್ದನ್ನೇ ಮಾತಾಡಿದೆವು, ಅಪ್ಪ ಮಗ ಇಬ್ಬರು ಮಾತ್ರ ಸುಮ್ಮನಿದ್ದರು. ಕರ್ನಾಟಕ ಏಳು ವಿಕೆಟ್‌ಗಳಿಂದ ಗೆದ್ದಿದ್ದು ಸೋಮವಾರ. ಎರಡು ತಿಂಗಳಿಗೆ ಪಡಿಕ್ಕಲ್ ಧರ್ಮಶಾಲಾದಲ್ಲಿ ಇಂಗ್ಲೆಂಡ್ ಮೇಲೆ ಮೊದಲ ಟೆಸ್ಟ್ ಆಡಿ 65 ಹೊಡೆದಾಗ ಹತ್ತಿಮತ್ತೂರಿನ ಕಟ್ಟೆಯ ಮೇಲೆ "ನಾವು ನೋಡೇವಿ ಅವನ್ನ, ಇಷ್ಟ ದೂರದಿಂದ" ಅಂತ ಎಲೆ ವ್ಯಾಪಾರಿ ಕೈ ಅಳತೆ ತೋರಿಸಿ ಹೇಳುತ್ತಿದ್ದನಂತೆ. ಆ ಅಳತೆ ದಿನದಿಂದ ದಿನಕ್ಕೆ ಕಮ್ಮಿ ಆಗುತ್ತಿತ್ತಂತೆ!

ಅಕಾಡೆಮಿಯ ವಿಷಯ ಏನಾಯ್ತು ಅಂತ ಕೇಳ್ತೀರಲ್ವಾ? ಆ ವರ್ಷ ಸೇರಿಸಲಿಲ್ಲ. ಬೇಡ ಅಂದಿದ್ದು ಅಪ್ಪ ಅಲ್ಲ, ಮಗ. "ಎಸ್ಸೆಸ್ಸೆಲ್ಸಿ ಆಗ್ಲಿ ಅಪ್ಪಾ. ಅಲ್ಲೀತನಾ ಇಲ್ಲೇ ಹಾಕ್ತೀನಿ" ಅಂದನಂತೆ. 2024ರಲ್ಲಿ ಮಳೆ ಚೆನ್ನಾಗಿ ಆಯಿತು. ನಾನು ದೀಪಾವಳಿಗೆ ಹೋದಾಗ ಬೆಳಗ್ಗೆ ಆರಕ್ಕೆ ಕಣದಲ್ಲಿ ಟಪ್ ಟಪ್ ಸಪ್ಪಳ. ಹೋಗಿ ನೋಡಿದರೆ ಗುಡ್ ಲೆಂಗ್ತ್ ಜಾಗದಲ್ಲಿ ಒಂದು ಕರ್ಚೀಫು ಹಾಸಿದೆ, ಹುಡುಗ ಬೌಲಿಂಗ್ ಮಾಡ್ತಾ ಇದ್ದಾನೆ. ದಿನಾ ನೂರು ಚೆಂಡು. ಎಡಚ ಟವೆಲ್ಲು ಹೆಗಲಿಗೆ ಹಾಕಿಕೊಂಡು ಅಂಪೈರ್ ಜಾಗದಲ್ಲಿ ನಿಂತು ಎಣಿಸ್ತಾ ಇದ್ದ. ನನ್ನ ನೋಡಿ ಮಾತಾಡಿಸಲಿಲ್ಲ, ಕೈ ಸನ್ನೆ ಮಾಡಿ ತಡಿ ಅಂದ. ಅರವತ್ತೆರಡಕ್ಕೆ ಬಂದಿತ್ತು ಲೆಕ್ಕ.