ಮೆಕ್‌ಫೀಯನ್ನು ಕೇಳಬೇಕಾದ ಬಗೆ

ಮಾಂಟ್ರಿಯಲ್ ನಗರದಲ್ಲಿ 1900ರಲ್ಲಿ ಜನಿಸಿ 1964ರಲ್ಲಿ ಲಾಸ್ ಏಂಜಲೀಸಿನಲ್ಲಿ ಗತಿಸಿದ ಕಾಲಿನ್ ಮೆಕ್‌ಫೀಯನ್ನು ವಿದ್ವಜ್ಜನರು ಸ್ಮರಿಸುವುದು ಬಹುಮಟ್ಟಿಗೆ ಬಾಲಿದ್ವೀಪದ ಸಂಗೀತವನ್ನು ಕುರಿತ ಮಹಾಗ್ರಂಥದ ಕರ್ತೃವೆಂದು. ಆತನು ಸ್ವರರಚನಕಾರನೂ ಆಗಿದ್ದನೆಂಬುದು ಆ ಸ್ಮರಣೆಯಲ್ಲಿ ಅಡಿಟಿಪ್ಪಣಿಯಾಗಿ ಉಳಿದಿದೆ. ಈ ತಾರತಮ್ಯವನ್ನು ನಾನು ಒಪ್ಪಲಾರೆ.

1931ರಿಂದ 1938ರ ವರೆಗೆ, ನಡುನಡುವೆ ಅಗಲಿದ್ದರೂ, ಬಾಲಿಯಲ್ಲಿ ನೆಲೆಸಿ ಗಮೆಲಾನ್ ಎಂಬ ಘನವಾದ್ಯಮೇಳಗಳಿಗೆ ಕಿವಿಗೊಟ್ಟ ಈತನು, 1936ರಲ್ಲಿ ಮೆಕ್ಸಿಕೋದಲ್ಲಿ ರಚಿಸಿದ ‘ತಾಬುಹ್-ತಾಬುಹಾನ್’ ಎಂಬ ವಾದ್ಯವೃಂದಕೃತಿಯಲ್ಲಿ, ಪೂರ್ವದೇಶದ ಮಟ್ಟೊಂದನ್ನು ತಂದು ಪಾಶ್ಚಾತ್ಯ ವಾದ್ಯಗಳಿಗೆ ಒಗ್ಗರಣೆ ಹಾಕುವ ಸುಲಭಮಾರ್ಗವನ್ನು ಹಿಡಿಯದೆ, ವೃಂದದ ಅಧಿಕಾರಕ್ರಮವನ್ನೇ ಪಲ್ಲಟಗೊಳಿಸಿದನು. ಎರಡು ಪಿಯಾನೊ, ಸೆಲೆಸ್ಟಾ, ಕ್ಸೈಲೊಫೋನ್, ಮರಿಂಬಾ, ಗ್ಲಾಕನ್‌ಸ್ಪೀಲ್ ಇವು ಒಟ್ಟಾಗಿ ಗಮೆಲಾನಿನ ಕಾರ್ಯವನ್ನು ವಹಿಸುತ್ತವೆ. ಬಾಲಿಯ ಎರಡು ಜಾಗಟೆಗಳೂ ಜೊತೆಗಿವೆ. ಮುಂದಾಳುತನಕ್ಕೆ ಒಗ್ಗಿಹೋದ ಪಿಟೀಲುಗಳು ಇಲ್ಲಿ ಘನವಾದ್ಯಗಳ ಹಿಂದೆ ನಡೆಯಬೇಕಾಗುತ್ತದೆ. ಒಬ್ಬ ವಾದಕನು ಬಿಟ್ಟ ತೆರಪಿನಲ್ಲಿ ಇನ್ನೊಬ್ಬನು ನುಡಿಸಿ, ಇಬ್ಬರದೂ ಸೇರಿ ಒಂದೇ ಅಖಂಡಧಾರೆಯಾಗುವ ಬಾಲಿಯ ಹೆಣಿಗೆಯು ಕೃತಿಗೆ ಆಭರಣವಲ್ಲ, ಅಸ್ಥಿಪಂಜರ. ಆ ಲಯದ ತಡವರಿಕೆಗಳಿಗೂ ಅಮೆರಿಕದ ಜಾಝ್‌ನ ಗತಿಗಳಿಗೂ ಇರುವ ನಂಟನ್ನು ಆತನು ಕಂಡುಕೊಂಡಿದ್ದನಾದ ಕಾರಣ, ಎರಡರ ಬೆಸುಗೆ ಎಲ್ಲಿಯೂ ಕಾಣಿಸದು.

ಗಮೆಲಾನಿನ ಜೋಡಿವಾದ್ಯಗಳನ್ನು ಬೇಕೆಂದೇ ಕಿಂಚಿತ್ ಶ್ರುತಿಭೇದದಿಂದ ಹೊಂದಿಸುವುದರಿಂದ ಅಲ್ಲಿನ ನಾದವು ಅಲೆಯಲೆಯಾಗಿ ಮಿಡಿಯುತ್ತದೆ. ಪಿಯಾನೊದ ಸ್ಥಿರಶ್ರುತಿಗೆ ಅದು ದಕ್ಕದೆಂಬುದು ನಿಜ. (ಆ ಕಂಪನವೇ ಬೇಕೆಂಬವರು ಬಾಲಿಯ ಮೇಳವನ್ನೇ ಕೇಳತಕ್ಕದ್ದು.) ಪ್ರತಿಕೃತಿಯನ್ನು ಹುಡುಕುವವನಿಗೆ ಇದು ಕೊರತೆ, ರಚನೆಯನ್ನು ಆಲಿಸುವವನಿಗೆ ಅಲ್ಲ.

ವೃಂದನಿರ್ದೇಶಕ ಕಾರ್ಲೋಸ್ ಚಾವೇಸ್ ಮೆಕ್ಸಿಕೋ ನಗರದಲ್ಲಿ ಪ್ರಥಮವಾಗಿ ನುಡಿಸಿದ ಈ ಕೃತಿಯು ಅನಂತರ ವರ್ಷಗಟ್ಟಲೆ ಅಲಕ್ಷಿತವಾಗಿ, 1953ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದಲ್ಲಿ ಕೆನಡಾದ ರಚನೆಗಳಿಗೇ ಮೀಸಲಾದ ಕಚೇರಿಯೊಂದರಲ್ಲಿ ವೃಂದನಿರ್ದೇಶಕ ಸ್ಟೊಕೊವ್‌ಸ್ಕಿಯ ಕೈಯಲ್ಲಿ ಮತ್ತೆ ಧ್ವನಿಗೂಡಿತು. ಆ ಬಳಿಕ ಎರಡನೆಯ ಸಿಂಫೊನಿ ಬಂದಿತು. 1960ರಲ್ಲಿ, ಪಿಟ್ಸ್‌ಬರ್ಗಿನ ಅಮೆರಿಕನ್ ವಿಂಡ್ ಸಿಂಫೊನಿ ಬೇಡಿದ್ದರಿಂದ, ಸುಷಿರವಾದ್ಯವೃಂದದ ಕನ್ಸರ್ಟೊ ಹುಟ್ಟಿತು. ‘ತಾಬುಹ್-ತಾಬುಹಾನ್’ ಕೃತಿಯ ಮಾದಕತೆ ಇದರಲ್ಲಿಲ್ಲವೆಂಬ ಆಕ್ಷೇಪವನ್ನು ನಾನು ಅಲ್ಲಗಳೆಯೆನು. ಆದರೆ ಘನತರ ಕೃತಿಗಳ ಅಭಾವವೆಂದು ಕೊರಗುತ್ತ, ನಡಿಗೆಯ ಹಾಡುಗಳನ್ನೇ ಮರಳಿ ಮರಳಿ ಊದಿಸುವ ಬ್ಯಾಂಡ್ ನಿರ್ದೇಶಕರು ಇದರ ಪುಟಗಳನ್ನು ತೆರೆಯದಿರುವುದು ಉದಾಸೀನವಲ್ಲದೆ ಮತ್ತೇನೂ ಅಲ್ಲ. ಕೆನಡಾದ ಯಾವುದಾದರೊಂದು ವೃಂದವು ಇವೆರಡನ್ನೂ ಒಂದೇ ಸಂಜೆಯ ಕಾರ್ಯಕ್ರಮದಲ್ಲಿ ಇರಿಸಲಿ. ಗ್ರಂಥಕರ್ತನ ಹೆಸರನ್ನು ಅಂದು ಎತ್ತುವುದೇ ಬೇಡ.