ನೃತ್ಯ ಕಲಿಯುವ ಮಗುವಿಗೆ ಅಂಕ ಬೇಡ, ಸಮಯ ಕೊಡಿ

ಕಳೆದ ಜೂನ್ ತಿಂಗಳ ಒಂದು ಭಾನುವಾರ ಯಲಹಂಕ ಉಪನಗರದ ನಮ್ಮ ಮನೆಯಲ್ಲಿ ಊಟದ ಮೇಜಿನ ಸುತ್ತ ಒಂದು ಸಭೆ ಸೇರಿತ್ತು. ಮಗ, ಸೊಸೆ, ನನ್ನ ಪತ್ನಿ ಮತ್ತು ನಾನು ಅದರ ಸದಸ್ಯರು. ಮೊಮ್ಮಗಳು ಒಂಬತ್ತನೆಯ ತರಗತಿಗೆ ಕಾಲಿಟ್ಟಿದ್ದಾಳೆ. ಏಳು ವರ್ಷಗಳಿಂದ ಕಲಿಯುತ್ತಿರುವ ಬ್ಯಾಲೆ ನೃತ್ಯವನ್ನು ಇನ್ನು ಮುಂದುವರಿಸಬೇಕೆ, ಬೇಡವೆ ಎಂಬುದು ಚರ್ಚೆಯ ವಿಷಯ. ಹಿರಿಯನೆಂಬ ಸಲುಗೆಯಿಂದ ನಾನೇ ಮೊದಲು ಮಾತನಾಡಿದೆ. ‘ಎರಡು ವರ್ಷ ನಿಲ್ಲಿಸಲಿ. ಹತ್ತನೆಯ ತರಗತಿ ಮುಗಿದ ಮೇಲೆ ನೋಡೋಣ’ ಎಂದೆ. ಬಾಗಿಲ ಬಳಿ ನಿಂತು ಕೇಳುತ್ತಿದ್ದ ಹುಡುಗಿ, ‘ತಾತ, ಎರಡು ವರ್ಷ ಬಿಟ್ಟರೆ ಮತ್ತೆ ಅದು ಬರುವುದಿಲ್ಲ’ ಎಂದಳು.

ಅವಳ ಮಾತು ಸರಿ ಎಂದು ತಿಳಿಯಲು ನನಗೆ ಕೆಲವು ದಿನಗಳೇ ಬೇಕಾದವು. ಬ್ಯಾಲೆಯಾಗಲಿ ಭರತನಾಟ್ಯವಾಗಲಿ, ಇವು ಬೆಳೆಯುತ್ತಿರುವ ಮೈಯಲ್ಲಿ ಕೂಡಬೇಕಾದ ವಿದ್ಯೆಗಳು. ಎಂಟು ಹತ್ತರ ವಯಸ್ಸಿನಲ್ಲಿ ಬುನಾದಿ ಬಿದ್ದು, ಹದಿನಾಲ್ಕರಿಂದ ಹದಿನೆಂಟರವರೆಗೆ ಅದು ಗಟ್ಟಿಯಾಗಬೇಕು. ನಮ್ಮ ಶಿಕ್ಷಣ ವ್ಯವಸ್ಥೆ ಮಗುವಿನ ಸಮಯವನ್ನೆಲ್ಲ ತನಗೇ ಕೊಡೆಂದು ಕೇಳುವುದೂ ಇದೇ ನಾಲ್ಕು ವರ್ಷಗಳಲ್ಲಿ. ಎರಡೂ ಒಂದೇ ಹೊತ್ತಿಗೆ ಬಂದು ಎದುರು ನಿಲ್ಲುವುದರಿಂದ ನಗರದ ಸಾವಿರಾರು ಮನೆಗಳಲ್ಲಿ ಇಂಥ ಸಭೆ ಸೇರುತ್ತದೆ. ತೀರ್ಮಾನವೂ ಸಾಮಾನ್ಯವಾಗಿ ನಾನು ಸೂಚಿಸಿದ್ದೇ ಆಗಿರುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಲೆಕ್ಕ ಹಾಕದೆ ಸಮಾಧಾನವಿಲ್ಲ. ಸರ್ಕಾರದ ಆಯವ್ಯಯ ನೋಡಿ ಅಭ್ಯಾಸವಾದ ಕೈಯಿಂದ ಮೊಮ್ಮಗಳ ವಾರದ ಆಯವ್ಯಯ ಬರೆದೆ. ವಾರಕ್ಕಿರುವುದು 168 ಗಂಟೆ. ನಿದ್ರೆಗೆ ದಿನಕ್ಕೆ 9ರಂತೆ 63. ಶಾಲೆ ಮತ್ತು ಶಾಲಾ ಬಸ್ಸಿನ ಪ್ರಯಾಣ, ಶನಿವಾರದ ಅರ್ಧ ದಿನವೂ ಸೇರಿ, 47.5. ಮನೆಪಾಠಕ್ಕೆ 14. ಸ್ನಾನ, ಊಟ, ಉಡುಗೆ ಇತ್ಯಾದಿಗೆ 17.5. ಉಳಿಯುವುದು 26 ಗಂಟೆ. ವಾರಕ್ಕೆ ಐದು ದಿನ, ದಿನಕ್ಕೆ ಎರಡು ಗಂಟೆಯಂತೆ ನೃತ್ಯಾಭ್ಯಾಸಕ್ಕೆ ಹೋಗುವುದು 10 ಗಂಟೆ. ಅಲ್ಲಿಗೆ ಹೋಗಿ ಬರಲು ದಿನಕ್ಕೆ ಎರಡೂವರೆಯಂತೆ 12.5 ಗಂಟೆ. ಅಜ್ಜಿಯೊಡನೆ ಹರಟಲು, ಗೆಳತಿಯರನ್ನು ಕಾಣಲು, ಸುಮ್ಮನೆ ಕಿಟಕಿಯಾಚೆ ನೋಡುತ್ತ ಕೂರಲು ಉಳಿಯುವುದು ವಾರಕ್ಕೆ ಮೂರೂವರೆ ಗಂಟೆ, ಅಂದರೆ ದಿನಕ್ಕೆ ಅರ್ಧ ಗಂಟೆ.

ಈ ಲೆಕ್ಕದಲ್ಲಿ ನನ್ನ ಕಣ್ಣು ನಿಂತದ್ದು ಒಂದೇ ಸಾಲಿನ ಮೇಲೆ. ನೃತ್ಯಕ್ಕೆ 10 ಗಂಟೆ, ರಸ್ತೆಗೆ 12.5 ಗಂಟೆ. ಮಗುವಿನ ಬಾಲ್ಯವನ್ನು ನೃತ್ಯ ನುಂಗುತ್ತಿದೆ ಎಂದು ನಾವು ದೂರುತ್ತಿದ್ದೆವು. ಅದಕ್ಕಿಂತ ಹೆಚ್ಚು ನುಂಗುತ್ತಿದ್ದುದು ಹೆಬ್ಬಾಳದ ಮೇಲ್ಸೇತುವೆ ಮತ್ತು ಮೇಖ್ರಿ ವೃತ್ತ. ವಿಮಾನ ನಿಲ್ದಾಣ 2008ರಲ್ಲಿ ದೇವನಹಳ್ಳಿಗೆ ಬಂದ ಮೇಲೆ ಉತ್ತರ ಬೆಂಗಳೂರಿನಲ್ಲಿ ಮನೆಗಳು, ಶಾಲೆಗಳು, ಕಚೇರಿಗಳು ಬೆಳೆದ ವೇಗದಲ್ಲಿ ಕಲಿಕೆಯ ತಾಣಗಳು ಬೆಳೆಯಲಿಲ್ಲ. ಒಳ್ಳೆಯ ಗುರು, ಮರದ ನೆಲದ ಅಭ್ಯಾಸದ ಕೊಠಡಿ, ಪ್ರದರ್ಶನದ ಸಭಾಂಗಣಗಳಿಗೆ ಇಂದಿಗೂ ಮಲ್ಲೇಶ್ವರಕ್ಕೋ ಅದರಾಚೆಗೋ ಹೋಗಬೇಕು. ಯಶವಂತಪುರದವರಿಗೆ 2014ರಿಂದ ಮೆಟ್ರೊ ಇದೆ. ಯಲಹಂಕ, ಆರ್.ಟಿ. ನಗರದವರ ಪಾಲಿಗೆ ಉಳಿದಿರುವುದು ರಸ್ತೆ.

ಈ ರಸ್ತೆಯ ಬೆಲೆಯನ್ನು ತೆರುವವರು ಯಾರು? ನಮ್ಮ ಮನೆಯಲ್ಲಿ ಸೊಸೆ. ಮೂರು ವರ್ಷಗಳ ಹಿಂದೆ ಅವಳಿಗೆ ಬಡ್ತಿ ಬಂದಿತ್ತು; ಸಂಜೆಯ ಹೊಣೆಗಾರಿಕೆ ಹೆಚ್ಚುತ್ತದೆಂದು ಒಲ್ಲೆ ಎಂದಳು. ಅದು ಅವಳ ಸ್ವಂತ ನಿರ್ಧಾರ ಎಂದೇ ನಾವೆಲ್ಲ ಹೇಳಿಕೊಂಡೆವು. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗುವ ಮಹಿಳೆ ಅದಕ್ಕೆಂದು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾಳೆ. ಪುರುಷ ಕೊಡುವುದು 97 ನಿಮಿಷ. ಸಂಬಳವಿಲ್ಲದ ಈ ದುಡಿಮೆಯ ಮೇಲೆ ಮಗುವಿನ ತರಬೇತಿಯ ಸಾರಥ್ಯವೂ ಬಂದು ಕೂರುತ್ತದೆ. ವಾಹನ ಓಡಿಸುವುದು, ತರಗತಿ ಮುಗಿಯುವವರೆಗೆ ಕಾಯುವುದು, ಡಬ್ಬಿ ಕಟ್ಟುವುದು, ಉಡುಪು ಹೊಲಿಸುವುದು ಯಾವ ಲೆಕ್ಕಪುಸ್ತಕದಲ್ಲೂ ದಾಖಲಾಗುವುದಿಲ್ಲ.

ನಮ್ಮದು ಕಾರು ಇರುವ, ಪಿಂಚಣಿ ಬರುವ ಮನೆ. ಹಿಂದಿನ ಬೀದಿಯ ಇನ್ನೊಂದು ಮನೆಯ ಕಥೆ ಬೇರೆ. ತಂದೆ ಆಟೊ ಓಡಿಸುತ್ತಾರೆ, ತಾಯಿ ಹೊಲಿಗೆಯಿಂದ ಸಂಪಾದಿಸುತ್ತಾರೆ. ಮಗಳು ಭರತನಾಟ್ಯ ಕಲಿಯುತ್ತಿದ್ದಳು. ಅವಳ ಅರಮಂಡಿ ನೋಡಿದ ಯಾರೂ ಇವಳಿಗೆ ವಿದ್ಯೆ ಒಲಿದಿದೆ ಎನ್ನದೆ ಇರುತ್ತಿರಲಿಲ್ಲ. ತಾಯಿ ಮಗಳು ಬಿಎಂಟಿಸಿ ಬಸ್ಸಿನಲ್ಲಿ ಮಲ್ಲೇಶ್ವರಕ್ಕೆ ಹೋಗಿ ಬರುತ್ತಿದ್ದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಟಿಕೆಟ್ಟಿನ ಖರ್ಚು ತಪ್ಪಿತು. ಪ್ರಯಾಣದ ಹೊತ್ತು ಮಾತ್ರ ತಪ್ಪಲಿಲ್ಲ. ತಾಯಿ ಬಸ್ಸಿನಲ್ಲಿ ಕಳೆದ ಪ್ರತಿ ಸಂಜೆಯೂ ಹೊಲಿಯದೆ ಉಳಿದ ರವಿಕೆಗಳ ಲೆಕ್ಕವಾಗುತ್ತಿತ್ತು. ಹುಡುಗಿ ಒಂಬತ್ತನೆಯ ತರಗತಿಯಲ್ಲಿದ್ದಾಗ ನೃತ್ಯದ ಸೀನಿಯರ್ ಪರೀಕ್ಷೆ ಮತ್ತು ಶಾಲೆಯ ಕಿರುಪರೀಕ್ಷೆ ಒಂದೇ ದಿನ ಬಂದವು. ಶಾಲೆಯವರು ರಜೆ ಕೊಡಲಿಲ್ಲ. ಆ ವರ್ಷ ತಪ್ಪಿದ ಪರೀಕ್ಷೆ ಮುಂದಿನ ವರ್ಷವೂ ತಪ್ಪಿತು. ಈಗ ಅವಳು ನೃತ್ಯ ಮಾಡುವುದಿಲ್ಲ.

ಇದರಲ್ಲೊಂದು ವ್ಯಂಗ್ಯವಿದೆ. ಜೂನಿಯರ್, ಸೀನಿಯರ್, ವಿದ್ವತ್ ಎಂಬ ಸಂಗೀತ ಮತ್ತು ನೃತ್ಯ ಪರೀಕ್ಷೆಗಳನ್ನು ಕರ್ನಾಟಕದಲ್ಲಿ ದಶಕಗಳ ಕಾಲ ನಡೆಸಿದ್ದು ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸುವ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯೇ. ನೃತ್ಯವನ್ನು ಪರೀಕ್ಷಿಸಲು ಅರ್ಹವಾದ ವಿದ್ಯೆ ಎಂದು ರಾಜ್ಯ ಒಪ್ಪಿತು. ಅದನ್ನು ಕಲಿಯಲು ಶಾಲೆಯ ವೇಳಾಪಟ್ಟಿಯಲ್ಲಿ ಒಂದು ಗಂಟೆಯನ್ನೂ ಬಿಟ್ಟುಕೊಡಲಿಲ್ಲ.

ಹಿಂದೆ ಈ ಸಮಯವನ್ನು ಆಶ್ರಯದಾತರು ಕೊಡುತ್ತಿದ್ದರು. ಮೈಸೂರು ಶೈಲಿಯ ಕೆ. ವೆಂಕಟಲಕ್ಷಮ್ಮ ಬಾಲ್ಯದಲ್ಲೇ ಜಟ್ಟಿ ತಾಯಮ್ಮನವರಲ್ಲಿ ಕಲಿತು ಅರಮನೆಯ ಕಲಾವಿದೆಯಾದರು. 1992ರಲ್ಲಿ ಪದ್ಮಭೂಷಣ ಪುರಸ್ಕೃತರಾದರು. ನಮ್ಮ ಕಾಲದಲ್ಲಿ, ಯಲಹಂಕದಿಂದ ದೂರವಲ್ಲದ ಹೆಸರಘಟ್ಟದಲ್ಲಿ ಪ್ರೊತಿಮಾ ಬೇಡಿ 1990ರಲ್ಲಿ ನೃತ್ಯಗ್ರಾಮ ಸ್ಥಾಪಿಸಿದರು. ಅಲ್ಲಿನ ಗುರುಕುಲದಲ್ಲಿ ದಿನವೆಲ್ಲ ನೃತ್ಯಕ್ಕೇ ಮೀಸಲು. ಅಲ್ಲಿಂದ ಹೊರಬಂದ ಒಡಿಸ್ಸಿ ಕಲಾವಿದರು ಜಗತ್ತಿನ ವೇದಿಕೆಗಳಲ್ಲಿ ಗೌರವ ಪಡೆದಿದ್ದಾರೆ. ಆದರೆ ಅರಮನೆ ಈಗ ಇಲ್ಲ, ಗುರುಕುಲ ಕೆಲವರಿಗಷ್ಟೇ ಸಾಧ್ಯ. ಮನೆಯಲ್ಲೇ ಇದ್ದು, ಶಾಲೆಗೂ ಹೋಗಿ, ಗಂಭೀರವಾಗಿ ನೃತ್ಯ ಕಲಿಯಬಯಸುವ ಸಾಮಾನ್ಯ ಮಗುವಿಗೆ ನಡುವಿನ ದಾರಿಯೊಂದು ಬೇಕು. ನಮ್ಮಲ್ಲಿ ಇಲ್ಲದಿರುವುದು ಅದೇ.

ಬೇರೆ ದೇಶಗಳು ಈ ದಾರಿಯನ್ನು ವೇಳಾಪಟ್ಟಿಯಲ್ಲಿ ಹುಡುಕಿಕೊಂಡಿವೆ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 1738ರಲ್ಲಿ ಆರಂಭವಾಗಿ ಇಂದು ವಗಾನೊವಾ ಅಕಾಡೆಮಿ ಎನಿಸಿರುವ ಶಾಲೆಯಲ್ಲಿ ಗಣಿತ, ಇತಿಹಾಸ, ಬ್ಯಾಲೆ ಎಲ್ಲವೂ ಒಂದೇ ಸೂರಿನಡಿ. ಪ್ಯಾರಿಸ್ ಒಪೆರಾದ ನೃತ್ಯಶಾಲೆಯಲ್ಲಿ ಬೆಳಿಗ್ಗೆ ಪಾಠ, ಮಧ್ಯಾಹ್ನ ನೃತ್ಯ. ಇವು ಕೆಲವೇ ಪ್ರತಿಭಾವಂತರ ಶಾಲೆಗಳು ಎನ್ನಬಹುದು. ಆದರೆ ಫ್ರಾನ್ಸಿನ ಸಾಮಾನ್ಯ ಸರ್ಕಾರಿ ಶಾಲೆಗಳಲ್ಲೂ ಸಂಗೀತ, ನೃತ್ಯ ಕಲಿಯುವ ಮಕ್ಕಳಿಗೆ ಹೊಂದಿಸಿದ ವೇಳಾಪಟ್ಟಿಯ ತರಗತಿಗಳಿವೆ. ಬ್ರಿಟನ್ನಿನಲ್ಲಿ ಸರ್ಕಾರದ ಸಂಗೀತ ಮತ್ತು ನೃತ್ಯ ಯೋಜನೆ, ರಾಯಲ್ ಬ್ಯಾಲೆ ಶಾಲೆಯಂಥ ಸಂಸ್ಥೆಗಳ ಶುಲ್ಕವನ್ನು ಹೆತ್ತವರ ಆದಾಯಕ್ಕೆ ತಕ್ಕಂತೆ ಭರಿಸುತ್ತದೆ. ಪ್ರತಿಭೆ ಶ್ರೀಮಂತರ ಮನೆಯಲ್ಲಷ್ಟೇ ಹುಟ್ಟುವುದಿಲ್ಲ ಎಂಬ ಸರಳ ತಿಳಿವಳಿಕೆ ಇದರ ಹಿಂದಿದೆ. ಮುಂಬೈನ ಬಡ ಕುಟುಂಬದ ಅಮೀರುದ್ದೀನ್ ಷಾ 2017ರಲ್ಲಿ ಲಂಡನ್ನಿನ ಆ ಶಾಲೆಗೆ ಆಯ್ಕೆಯಾದದ್ದು ನೆನಪಿರಬಹುದು. ಗುರು ಗುರುತಿಸಿ ಕೈ ಹಿಡಿಯದಿದ್ದರೆ ನಮಗೆ ಆ ಹೆಸರೇ ತಿಳಿಯುತ್ತಿರಲಿಲ್ಲ.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ಕೇಂದ್ರದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರವು 1982ರಿಂದ 10ರಿಂದ 14 ವರ್ಷದ ಮಕ್ಕಳನ್ನು ಆರಿಸಿ ವಿದ್ಯಾರ್ಥಿವೇತನ ಕೊಡುತ್ತ ಬಂದಿದೆ. ಆದರೆ ಬಹುಕಾಲ ಅದರ ಮೊತ್ತ ವರ್ಷಕ್ಕೆ 3,600 ರೂಪಾಯಿ, ಜೊತೆಗೆ ಮಿತಿಗೊಳಪಟ್ಟ ಗುರುಶುಲ್ಕ. ತಿಂಗಳಿಗೆ 300 ರೂಪಾಯಿ ಎಂದರೆ ಒಂದು ವಾರದ ಆಟೊ ಬಾಡಿಗೆಗೂ ಸಾಲದು. ಇನ್ನು ಐಐಟಿ ಮದ್ರಾಸ್ 2025–26ರಿಂದ ಲಲಿತಕಲೆ ಮತ್ತು ಸಂಸ್ಕೃತಿಯ ಸಾಧಕರಿಗೆ ಬಿ.ಟೆಕ್. ಪ್ರವೇಶದಲ್ಲಿ ಹೆಚ್ಚುವರಿ ಸೀಟುಗಳನ್ನು ತೆರೆದಿದೆ. ಸ್ವಾಗತಾರ್ಹ ಹೆಜ್ಜೆ. ಆದರೆ ಅದು ಹದಿನೇಳರವರೆಗೆ ಕಲೆಯನ್ನು ಉಳಿಸಿಕೊಂಡವರಿಗೆ ಸಿಗುವ ಫಲ. ಹದಿನಾಲ್ಕರಲ್ಲೇ ಬಿಟ್ಟವರಿಗೆ ಅದರಿಂದೇನು ಪ್ರಯೋಜನ?

ಹಾಗಾದರೆ ಕೃಪಾಂಕ ಕೊಡೋಣವೇ ಎಂದು ಕೆಲವರು ಕೇಳುತ್ತಾರೆ. ನೆರೆಯ ಕೇರಳದ ಶಾಲಾ ಕಲೋತ್ಸವದ ಅನುಭವ ನಮ್ಮ ಕಣ್ಣ ಮುಂದಿದೆ. ಕಾಸರಗೋಡಿನ ಕನ್ನಡದ ಮಕ್ಕಳು ಯಕ್ಷಗಾನದಲ್ಲಿ ಮಿಂಚುವ ಆ ಉತ್ಸವ ನಿಜಕ್ಕೂ ದೊಡ್ಡದು, 2019ರಲ್ಲಿ ಆ ಜಿಲ್ಲೆಯ ಕಾಞಂಗಾಡಿನಲ್ಲೇ ಅದು ನಡೆಯಿತು. ಆದರೆ ಗೆಲುವಿಗೆ ಕೃಪಾಂಕ ಸೇರಿದ ಮೇಲೆ ತೀರ್ಪುಗಳ ವಿರುದ್ಧ ಮೇಲ್ಮನವಿಗಳ ಸಾಲೇ ಹುಟ್ಟಿ, ವ್ಯಾಜ್ಯಗಳು ನ್ಯಾಯಾಲಯದವರೆಗೂ ಹೋದವು. ಅಂಕದ ಆಸೆ ತೋರಿಸಿದರೆ ಕಲೆಯೂ ಇನ್ನೊಂದು ಟ್ಯೂಷನ್ ಆಗುತ್ತದೆ. ಆದ್ದರಿಂದ ನನ್ನ ವಾದ ಇಷ್ಟೇ: ಈ ಮಕ್ಕಳಿಗೆ ಅಂಕ ಬೇಡ, ಸಮಯ ಕೊಡಿ.

ಇದಕ್ಕೆ ಬೇಕಿರುವುದು ಮೂರು ಸಣ್ಣ ಆಡಳಿತಾತ್ಮಕ ಕ್ರಮಗಳು. ಮೊದಲನೆಯದು ಹಾಜರಾತಿ. ಬೋರ್ಡ್ ಪರೀಕ್ಷೆಗೆ ಶೇ 75ರಷ್ಟು ಹಾಜರಾತಿ ಬೇಕೆನ್ನುವ ಸಿಬಿಎಸ್‌ಇ, ರಾಷ್ಟ್ರೀಯ ಮತ್ತು ಅಂತರರಾಷ್ಟ್ರೀಯ ಕ್ರೀಡಾಕೂಟಗಳಲ್ಲಿ ಭಾಗವಹಿಸುವವರಿಗೆ ವಿನಾಯಿತಿಯನ್ನು ಹೆಸರಿಸಿಯೇ ಹೇಳುತ್ತದೆ. ಕಲೆಯ ವಿದ್ಯಾರ್ಥಿ ಮಾತ್ರ ‘ಇತರ ಗಂಭೀರ ಕಾರಣ’ದ ಬಾಗಿಲು ತಟ್ಟಬೇಕು. ಮಾನ್ಯತೆ ಪಡೆದ ನೃತ್ಯ ಪರೀಕ್ಷೆಯ ದಿನವನ್ನು ಎಲ್ಲ ಮಂಡಳಿಗಳೂ ಹಾಜರಿ ಎಂದೇ ಪರಿಗಣಿಸಬೇಕು. ಎರಡನೆಯದು ವೇಳಾಪಟ್ಟಿ. ಪ್ರತಿ ತಾಲ್ಲೂಕಿನಲ್ಲಿ ಒಂದು ಕರ್ನಾಟಕ ಪಬ್ಲಿಕ್ ಶಾಲೆಯಲ್ಲಾದರೂ ಎಂಟರಿಂದ ಹತ್ತನೆಯ ತರಗತಿಯವರೆಗೆ, ಮುಖ್ಯ ವಿಷಯಗಳು ಮಧ್ಯಾಹ್ನದೊಳಗೆ ಮುಗಿಯುವ ಒಂದು ವಿಭಾಗ ತೆರೆಯಬಹುದು. ಮೂರನೆಯದು ಸ್ಥಳ. ಸಂಜೆ ಬೀಗ ಬೀಳುವ ಸರ್ಕಾರಿ ಶಾಲೆಗಳ ಸಭಾಂಗಣಗಳನ್ನು ಸುತ್ತಲಿನ ನೃತ್ಯಗುರುಗಳಿಗೆ ಕಡಿಮೆ ಬಾಡಿಗೆಗೆ ಕೊಟ್ಟು, ಪ್ರತಿಯಾಗಿ ಕೆಲವು ಬಡ ಮಕ್ಕಳಿಗೆ ಉಚಿತವಾಗಿ ಕಲಿಸುವಂತೆ ಕೇಳಬಹುದು. ಗುರುವೇ ಯಲಹಂಕಕ್ಕೆ ಬಂದರೆ ಇಪ್ಪತ್ತು ತಾಯಂದಿರ ಸಂಜೆಗಳು ಉಳಿಯುತ್ತವೆ.

ರಾಷ್ಟ್ರೀಯ ಶಿಕ್ಷಣ ನೀತಿ 2020 ಪಠ್ಯ, ಪಠ್ಯೇತರ ಎಂಬ ಗಡುಸು ಗೋಡೆ ಇರಬಾರದು ಎಂದಿತು. ಕರ್ನಾಟಕ ಅದನ್ನು ಬದಿಗಿರಿಸಿ ಸ್ವಂತ ನೀತಿಗಾಗಿ ನೇಮಿಸಿದ ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿದೆ. ಯಾವ ನೀತಿ ಬಂದರೂ ಶಾಲೆಯ ಗಂಟೆ ಬಾರಿಸುವ ಹೊತ್ತು ಬದಲಾಗದಿದ್ದರೆ ಆ ಗೋಡೆ ನಿಂತಲ್ಲೇ ನಿಂತಿರುತ್ತದೆ.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ಸೇವೆಯಲ್ಲಿದ್ದಾಗ ಶಾಲಾ ಕಟ್ಟಡಗಳನ್ನು ಸಂಜೆ ಸಂಗೀತ, ನೃತ್ಯ ತರಗತಿಗೆ ತೆರೆಯುವ ಪ್ರಸ್ತಾವವೊಂದು ನನ್ನ ಮೇಜಿಗೆ ಬಂದಿತ್ತು. ಅದಕ್ಕೆ ಬೇಕಾಗಿದ್ದುದು ಕಾವಲುಗಾರನ ಭತ್ಯೆ ಮತ್ತು ವಿದ್ಯುತ್ ಬಿಲ್ಲು. ‘ಪಠ್ಯೇತರ ಚಟುವಟಿಕೆ, ಆದ್ಯತೆಯಲ್ಲ’ ಎಂದು ಟಿಪ್ಪಣಿ ಬರೆದು ಹಿಂದಿರುಗಿಸಿದೆ. ನಿಯಮದ ಪ್ರಕಾರ ಅದರಲ್ಲಿ ತಪ್ಪಿರಲಿಲ್ಲ. ಹಿಂದಿನ ಬೀದಿಯ ಆ ಹುಡುಗಿಯನ್ನು ಕಂಡಾಗಲೆಲ್ಲ ಆ ಟಿಪ್ಪಣಿ ನೆನಪಾಗುತ್ತದೆ.

ಸರ್ಕಾರದ ಪಾತ್ರ ಇಷ್ಟಾದರೆ ಕುಟುಂಬದ ಪಾತ್ರವೂ ಇದೆ. ‘ಇಷ್ಟು ವರ್ಷ, ಇಷ್ಟು ಹಣ ಹಾಕಿದ್ದೇವೆ, ಈಗ ಬಿಡುವುದೆಂತು?’ ಎಂಬ ವಾದವನ್ನು ಅರ್ಥಶಾಸ್ತ್ರ ಒಪ್ಪುವುದಿಲ್ಲ. ಹೋದ ಖರ್ಚು ಹೋಯಿತು. ಮುಂದಿನ ವರ್ಷದ ಪ್ರಶ್ನೆಗೆ ಉತ್ತರಿಸಬೇಕಾದದ್ದು ಮಗುವಿನ ಇಚ್ಛೆ ಮತ್ತು ಆರೋಗ್ಯ. ಬೆಳೆಯುವ ಹುಡುಗಿ ಊಟ ಕಡಿಮೆ ಮಾಡಿ, ನಿದ್ರೆ ಕೆಟ್ಟು, ನೋವು ಮುಚ್ಚಿಟ್ಟು ಅಭ್ಯಾಸಕ್ಕೆ ಹೋಗುತ್ತಿದ್ದರೆ ಅಲ್ಲಿ ನಿಲ್ಲಿಸುವುದೇ ಸರಿ. ಅವಳೇ ಸಾಕೆಂದರೆ ಹೆತ್ತವರ ಹೆಮ್ಮೆ ಅಡ್ಡ ಬರಬಾರದು. ಈ ಪ್ರಶ್ನೆಯನ್ನು ಪ್ರತಿ ವರ್ಷ ಅವಳೆದುರಿಗೇ ಕೇಳಬೇಕೇ ಹೊರತು, ನಾವು ಮಾಡಿದಂತೆ ಅವಳನ್ನು ಬಾಗಿಲ ಬಳಿ ನಿಲ್ಲಿಸಿಯಲ್ಲ.

ನಮ್ಮ ಮನೆಯ ಸಭೆ ಎರಡನೆಯ ಬಾರಿ ಸೇರಿದಾಗ ಮೊಮ್ಮಗಳಿಗೂ ಕುರ್ಚಿ ಸಿಕ್ಕಿತು. ವಾರಕ್ಕೆ ಐದು ದಿನದ ತರಗತಿಯನ್ನು ನಾಲ್ಕಕ್ಕೆ ಇಳಿಸಲು ಅವಳು ಒಪ್ಪಿದಳು. ಐದನೆಯ ದಿನದ ಅಭ್ಯಾಸಕ್ಕೆ ನನ್ನ ಪುಸ್ತಕದ ಕೋಣೆ ತೆರವಾಯಿತು. ಎರಡು ದಿನ ಮಗ, ಎರಡು ದಿನ ಸೊಸೆ ಕರೆದೊಯ್ಯುತ್ತಾರೆ. ಭಾನುವಾರ ಯಾರಿಗೂ ಯಾವ ತರಗತಿಯೂ ಇಲ್ಲ. ಲೆಕ್ಕ ಹಾಕಿದರೆ ವಾರಕ್ಕೆ ಎರಡೂವರೆ ಗಂಟೆ ರಸ್ತೆಯಿಂದ ಮನೆಗೆ ಮರಳಿದೆ. ಹತ್ತನೆಯ ತರಗತಿಯಲ್ಲಿ ಈ ಏರ್ಪಾಡು ನಿಲ್ಲುತ್ತದೆಯೇ, ಹೇಳಲಾರೆ. ನಮಗೆ ಖಾಲಿ ಮಾಡಲು ಒಂದು ಕೋಣೆ ಇತ್ತು. ಹಿಂದಿನ ಬೀದಿಯ ಮನೆಗೆ ಇರುವುದು ಒಂದೇ ಕೋಣೆ, ಅದರಲ್ಲಿ ಹೊಲಿಗೆಯಂತ್ರವಿದೆ. ಆ ಮನೆಯ ಮಗುವಿಗೆ ಬೇಕಾದ ಕೋಣೆ ಸಮೀಪದ ಸರ್ಕಾರಿ ಶಾಲೆಯಲ್ಲಿದೆ. ಸಂಜೆ ನಾಲ್ಕೂವರೆಗೆ ಅದಕ್ಕೆ ಬೀಗ ಬೀಳುತ್ತದೆ. ಆ ಬೀಗದ ಕೈ ಯಾರ ಬಳಿ ಇದೆ ಎಂಬುದು ನನ್ನಂಥ ನಿವೃತ್ತ ಅಧಿಕಾರಿಗಳಿಗೆಲ್ಲ ಗೊತ್ತು.